ಫ್ರಾಂಕ್‌ಫರ್ಟಿನಲ್ಲಿ ಏಳು ಗಂಟೆ ಸಿಕ್ಕರೆ

ಏಳು ಗಂಟೆ ವಿಮಾನ ನಿಲ್ದಾಣದ ಕುರ್ಚಿಯಲ್ಲೇ ಕೂತು ಕಳೀತೀನಿ ಅಂತೀರಲ್ಲ ಅಕ್ಕಾ! ಬೇಡ. ಫ್ರಾಂಕ್‌ಫರ್ಟ್ ನಡೆದು ನೋಡೋಕೆ ಹೇಳಿಮಾಡಿಸಿದ ಊರು. ಶೆಂಗೆನ್ ವೀಸಾ ಇಲ್ಲದೆ ಹೊರಗೆ ಬಿಡೋದಿಲ್ಲ ನಿಜ. ಆದರೆ ಮಗನ ಮನೆಗೆ ಹೋಗಿಬರೋಕೆ ಮಾಡಿಸಿದ್ದು ನಿಮ್ಮ ಹತ್ರ ಇನ್ನೂ ಚಾಲ್ತಿಯಲ್ಲಿದೆಯಲ್ಲ. ದೊಡ್ಡ ಪೆಟ್ಟಿಗೆ ಹೇಗೂ ನೇರ ಚಿಕಾಗೋಗೇ ಹೋಗತ್ತೆ. ಹೆಗಲಿಗೊಂದು ಚೀಲ, ಕಾಲಿಗೆ ಶೂ, ಅಷ್ಟೇ. ಚಪ್ಪಲಿ ಮಾತ್ರ ಬೇಡ, ಹಳೇ ಚೌಕದಲ್ಲೆಲ್ಲ ಕಲ್ಲು ಹಾಸಿದ್ದಾರೆ.

ನಿಲ್ದಾಣದ ಕೆಳಗೇ ಎಸ್-ಬಾನ್ ರೈಲು ಸಿಗತ್ತೆ. ಎಸ್8 ಆದರೂ ಸರಿ, ಎಸ್9 ಆದರೂ ಸರಿ, ಹೌಪ್ಟ್‌ವಾಖೆಯಲ್ಲಿ ಇಳೀರಿ. 20 ನಿಮಿಷವೂ ಹಿಡಿಯಲ್ಲ. ಅಲ್ಲಿಂದ ನಾಲ್ಕು ಹೆಜ್ಜೆ ಹೋದರೆ ಗಯಟೆ ಹುಟ್ಟಿದ ಮನೆ. ನೀವು ವರ್ಷಗಟ್ಟಲೆ ಶಾಕುಂತಲ ಪಾಠ ಮಾಡಿದೋರು. ಆ ನಾಟಕ 1791ರಲ್ಲಿ ಜರ್ಮನ್‌ಗೆ ಬಂದಾಗ ಓದಿ, ಮನಸೋತು ಪದ್ಯ ಬರೆದ ಕವಿ ಇವನೇ. ಆ ಮನೆ 1944ರ ಮಾರ್ಚ್ 22ರಂದು ಬಾಂಬಿಗೆ ನೆಲಸಮವಾಯ್ತು. ಗಯಟೆ ತೀರಿಕೊಂಡಿದ್ದೂ ಮಾರ್ಚ್ 22ರಂದೇ, 1832ರಲ್ಲಿ. ಮೇಜು, ಕುರ್ಚಿ, ಚಿತ್ರಪಟಗಳಲ್ಲಿ ಬಹಳಷ್ಟನ್ನ ಮುಂಚೆಯೇ ಬೇರೆ ಕಡೆ ಸಾಗಿಸಿಟ್ಟಿದ್ದರು, ಅವು ಉಳಿದವು. ಯುದ್ಧ ಮುಗಿದು ಇನ್ನೂ ಊರೆಲ್ಲ ಪಾಳು ಬಿದ್ದಿರುವಾಗಲೇ, 1947ರಲ್ಲಿ, ಈ ಮನೇನ ಹಿಂದಿನ ಹಾಗೇ ಎಬ್ಬಿಸೋಕೆ ಶುರುಮಾಡಿದರು.

ಅಲ್ಲಿಂದ ರೋಮರ್‌ಬರ್ಗ್ ಚೌಕ. ಮರದ ಚೌಕಟ್ಟಿನ ಎತ್ತರದ ಮನೆಗಳ ಸಾಲು ನೋಡಿದರೆ ನೂರಾರು ವರ್ಷದ್ದು ಅನ್ನಿಸತ್ತೆ. ಕಟ್ಟಿದ್ದು 1980ರ ದಶಕದಲ್ಲಿ! ಅದರ ಹಿಂದೆ ಕಾಂಕ್ರೀಟಿನ ದೊಡ್ಡ ನಗರಾಡಳಿತ ಕಚೇರಿ ಇತ್ತು. ಅದನ್ನೂ ಕೆಡವಿ ಆ ಜಾಗದಲ್ಲಿ 35 ಮನೆ ಎಬ್ಬಿಸಿದರು, 2018ರಲ್ಲಿ ಮುಗೀತು. 15 ಮನೆ ಯುದ್ಧಕ್ಕೆ ಮುಂಚೆ ಹೇಗಿದ್ದವೋ ಹಾಗೇ. ನಕಲು ಅಂತ ಮೂಗು ಮುರಿಯೋರಿದ್ದಾರೆ, ನಾನು ಒಪ್ಪಲ್ಲ. ಅಜ್ಜ ಅಜ್ಜಿ ಓಡಾಡಿದ ಬೀದಿ ನಮಗೆ ಮತ್ತೆ ಬೇಕು ಅಂತ ಒಂದು ಊರು ಕೇಳಿದರೆ ಅದರಲ್ಲಿ ತಪ್ಪೇನು?

ದಕ್ಷಿಣಕ್ಕೆ ಇಳಿದರೆ ಮೈನ್ ಹೊಳೆ. ಅದರ ಮೇಲೆ ಊರ ಜನರೇ ದುಡ್ಡು ಹಾಕಿ 1869ರಲ್ಲಿ ಮೊದಲು ಕಟ್ಟಿಸಿದ ಕಬ್ಬಿಣದ ಸೇತುವೆ, ನಡೆಯೋರಿಗೆ ಮೀಸಲು. ಅರ್ಧ ದಾಟಿ ಹಿಂತಿರುಗಿ ನೋಡಿ, ಚರ್ಚಿನ ಗೋಪುರವೂ ಬ್ಯಾಂಕುಗಳ ಗಗನಚುಂಬಿಗಳೂ ಒಟ್ಟಿಗೇ ಕಾಣತ್ತೆ.

ಇಲ್ಲಿಂದಲೇ ವಾಪಸ್ ಹೋಗ್ತಾರೆ ಬಹಳ ಜನ. ನೀವು ಹಾಗೆ ಮಾಡಬೇಡಿ. ಆ ದೊಡ್ಡ ಚರ್ಚು ದಾಟಿ ಪೂರ್ವಕ್ಕೆ ಹತ್ತು ನಿಮಿಷ ನಡೀರಿ. ಯಹೂದಿಗಳ ಹಳೇ ಸ್ಮಶಾನದ ಗೋಡೆ ಸಿಗತ್ತೆ. ಆ ಗೋಡೆಯುದ್ದಕ್ಕೂ ಅಂಗೈಗಿಂತ ಚಿಕ್ಕ ಲೋಹದ ತುಂಡುಗಳು, ಹನ್ನೊಂದು ಸಾವಿರಕ್ಕೂ ಹೆಚ್ಚು. ಒಂದೊಂದರ ಮೇಲೂ ನಾಜಿಗಳ ಕಾಲದಲ್ಲಿ ಸತ್ತ ಈ ಊರಿನ ಒಬ್ಬೊಬ್ಬರ ಹೆಸರು. ಆನ್ ಫ್ರಾಂಕ್ ಹೆಸರೂ ಅಲ್ಲಿದೆ. ಆ ಹುಡುಗಿ ಹುಟ್ಟಿದ್ದು ಇದೇ ಊರಲ್ಲಿ, 1929ರಲ್ಲಿ. ತುಂಡುಗಳು ಗೋಡೆಯಿಂದ ಮುಂದಕ್ಕೆ ಚಾಚಿರೋದರಿಂದ ಬಂದವರು ಮೇಲೆ ಪುಟ್ಟ ಪುಟ್ಟ ಕಲ್ಲು ಇಟ್ಟು ಹೋಗ್ತಾರೆ. ಚೆಂದದ ಮನೆ ಮಾತ್ರ ಮತ್ತೆ ಕಟ್ಟಿ, ಇದನ್ನ ಬಿಟ್ಟಿದ್ದರೆ ಆ ಚೌಕ ನನಗೂ ಸುಳ್ಳು ಅನ್ನಿಸ್ತಿತ್ತು. ಎರಡನ್ನೂ ಮಾಡಿದಾರೆ ನೋಡಿ, ಅದಕ್ಕೇ ಆ ಊರಿನ ಮೇಲೆ ನನಗೆ ಗೌರವ. ಬಸ್ಸಿನಲ್ಲಿ ಸುತ್ತಿದ್ದರೆ ಆ ಹೆಸರುಗಳನ್ನ ಓದೋಕಾಗ್ತಿತ್ತೇ?

ಹಸಿವಾದರೆ ಚೌಕದ ಹತ್ರವೇ ಕ್ಲೈನ್‌ಮಾರ್ಕ್‌ಟ್‌ಹಾಲೆ ಅಂತ ಒಳಾಂಗಣ ಮಾರುಕಟ್ಟೆ ಇದೆ, ಭಾನುವಾರ ಮುಚ್ಚಿರತ್ತೆ. ಏಳು ಬಗೆ ಸೊಪ್ಪಿನ ಹಸಿರು ಗೊಜ್ಜು ಆ ಊರಿನ ವಿಶೇಷ. ಅದನ್ನ ಬೇಯಿಸಿದ ಆಲೂಗಡ್ಡೆ ಜೊತೆ ಕೇಳಿ, ಮೊಟ್ಟೆ ಬೇಡ ಅನ್ನಿ.

ಗೋಡೆ ನೋಡಿದ ಮೇಲೆ ಬಂದ ದಾರಿ ಹಿಡಿಯೋದು ಬೇಡ, ಕೋನ್‌ಸ್ಟಾಬ್ಲರ್‌ವಾಖೆ ನಿಲ್ದಾಣ ಅಲ್ಲೇ ಹತ್ತಿರ. ಅದೇ ಎಸ್8, ಎಸ್9 ಹತ್ತಿ. ಚಿಕಾಗೋ ವಿಮಾನಕ್ಕೆ ತಪಾಸಣೆ ಸಾಲು ಉದ್ದ, ಎರಡೂವರೆ ಗಂಟೆ ಮುಂಚೆಯೇ ಅಲ್ಲಿರಿ. ತಾಳಿ, ದಾರಿ ಒಂದು ಚೀಟಿಯಲ್ಲಿ ಬರೆದುಕೊಡ್ತೀನಿ.