ಗೋಡೆ ತಟ್ಟಿ ಬೆಲೆ ಇಳಿಸಿ

ಹರದನಹಳ್ಳಿಯ ಕಡೆ ಹಳೇ ಮನೆ ಕೊಳ್ಳುವವರು ಒಬ್ಬರೇ ಬರುವುದು ಕಮ್ಮಿ. ಜೊತೆಗೊಬ್ಬ ಗಾರೆ ಮೇಸ್ತ್ರಿ ಇರುತ್ತಾನೆ. ಕಣ್ಣಿಗಿಂತ ಅವನ ಬೆರಳ ಗೆಣ್ಣು ಚುರುಕು. ಗೋಡೆ ಕುಟ್ಟಿ ಕಿವಿಗೊಡುತ್ತಾನೆ: 'ಡಬ್' ಎಂದರೆ ಗಾರೆ ಗೋಡೆ ಬಿಟ್ಟಿದೆ. ಜಂತೆಗೆ ಚಾಕು ಚುಚ್ಚುತ್ತಾನೆ: ಪುಡಿ ಉದುರಿದರೆ ಗೆದ್ದಲು, ಬೆಲೆಯೂ ಉದುರಬೇಕು.

"ಪಾಯದಿಂದ್ಲೇ ತೇವ ಹತ್ಕಂಡದ ಕನಣ್ಣ."

"ಮಳೆ ನೀರು ಕನಪ್ಪ, ಬಿಸ್ಲು ಬಂದ್ರ ಹೋಯ್ತದ."

"ಬಿಸ್ಲು ಬಂದ್ರ ಗೋಡೆನೂ ಹೋಯ್ತದ!"

ಮಾಲೀಕರು ಊರಿನ ದಿವ್ಯಲಿಂಗೇಶ್ವರ ದೇವಸ್ಥಾನದ ಕಡೆ ಕೈ ತೋರಿಸುತ್ತಾರೆ. ಶತಮಾನಗಳಿಂದ ಅದು ನಿಂತಿಲ್ಲವೇ? "ಅದು ಕಲ್ಲು, ನಿಮ್ದು ಮಣ್ಣು," ಎಂಬ ಉತ್ತರ ತಯಾರಿರುತ್ತದೆ.

ಆಮೇಲೆ ಕಾಗದ. ಇ-ಸ್ವತ್ತಿನ ನಮೂನೆ 9 ಮತ್ತು 11 ಉಂಟೋ, ಋಣಭಾರ ಪತ್ರದಲ್ಲಿ ಹಳೇ ಸಾಲವೇನಾದರೂ ಇಣುಕುತ್ತಿದೆಯೋ? ಇದನ್ನು ತಟ್ಟಿ ನೋಡಲಾಗದು. 2025ರ ಆಗಸ್ಟ್ 31ರಿಂದ ರಾಜ್ಯದಲ್ಲಿ ನೋಂದಣಿ ಶುಲ್ಕ ಶೇ 1ರಿಂದ 2ಕ್ಕೆ ಏರಿದೆ. ಕೊಳ್ಳುವವರು ಅದನ್ನೂ ಗೋಡೆಯ ಬಿರುಕಿನ ಲೆಕ್ಕಕ್ಕೇ ಸೇರಿಸಿ ಇಳಿಸಿ ಎನ್ನುತ್ತಾರೆ.

ಮುಂಗಡ ಕೈ ಬದಲಾದ ಮೇಲೆ ಮೇಸ್ತ್ರಿ ಅದೇ ಗೋಡೆಯನ್ನು ಮೆಲ್ಲಗೆ ಸವರಿ, "ಎಲ್ಡು ದಿನದ ಕೆಲ್ಸ ಬುಡಣ್ಣ, ನಾನೇ ಮಾಡ್ಕೊಡ್ತೀನಿ," ಎನ್ನುತ್ತಾನೆ.