ಸ್ವರ್ಣವೃತ್ತ ಮೀಮಾಂಸೆ ಅಥವಾ ವೇಳೆ ತಪ್ಪದ ನಿಸರ್ಗ

ತೀರ್ಥಯಾತ್ರೆಗೆ ಸ್ಥಳಪುರಾಣಗಳಿವೆ, ದಂಡಯಾತ್ರೆಗೆ ಶಾಸನಗಳಿವೆ. ಬೆಳಗ್ಗೆ ಬಸ್ ಹತ್ತಿಸಿಕೊಂಡು, ಒಂದು ದೇಶದ ಹೊಳೆ, ಬೆಟ್ಟ, ಜ್ವಾಲಾಮುಖಿಗಳನ್ನೆಲ್ಲ ತೋರಿಸಿ, ಊಟದ ಹೊತ್ತಿಗೆ ಹೋಟೆಲಿನ ಬಾಗಿಲಿಗೆ ತಂದಿಳಿಸುವ ದಿನಪ್ರವಾಸಕ್ಕೆ ಮಾತ್ರ ಇದುವರೆಗೆ ಒಬ್ಬ ಭಾಷ್ಯಕಾರನೂ ಹುಟ್ಟಿಲ್ಲ. ಆ ಕೊರತೆಯನ್ನು ನೀಗಿಸುವುದೇ ಪ್ರಸ್ತುತ ಪ್ರಬಂಧದ ಘನ ಉದ್ದೇಶ.

ಅಧ್ಯಯನಕ್ಕೆ ಆಯ್ದ ಕ್ಷೇತ್ರ ಐಸ್‌ಲ್ಯಾಂಡ್. ಜನಸಂಖ್ಯೆ ಇನ್ನೂ ನಾಲ್ಕು ಲಕ್ಷ ಮುಟ್ಟದ ಈ ದ್ವೀಪಕ್ಕೆ ವರ್ಷಕ್ಕೆ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಪ್ರವಾಸಿಗರು ಬಂದು ಹೋಗುತ್ತಾರೆ. ರಾಜಧಾನಿ ರೇಕ್ಯವಿಕ್‌ನಿಂದ ಹೊರಟು ಥಿಂಗ್‌ವೆಲಿರ್, ಗೇಸಿರ್, ಗುಲ್‌ಫಾಸ್ ಎಂಬ ಮೂರು ತಾಣಗಳನ್ನು ಮುಟ್ಟಿ ಅಲ್ಲಿಗೇ ಮರಳುವ ಸುಮಾರು 300 ಕಿ.ಮೀ. ದಾರಿಗೆ ‘ಗೋಲ್ಡನ್ ಸರ್ಕಲ್’ ಎಂದು ಹೆಸರು. ಶಾಸ್ತ್ರದ ಗಾಂಭೀರ್ಯಕ್ಕೆ ಕುಂದು ಬರದಿರಲೆಂದು ಇಲ್ಲಿ ಅದನ್ನು ಸ್ವರ್ಣವೃತ್ತ ಎಂದು ಕರೆಯಲಾಗಿದೆ.

ಮೂಲಸೂತ್ರ ಒಂದೇ: ‘ವೇಳಾಪಟ್ಟಿಗೆ ಒಗ್ಗಿದ್ದೇ ರಮಣೀಯ.’ ಉಳಿದದ್ದೆಲ್ಲ ಇದರ ವ್ಯಾಖ್ಯಾನ.

ಮೊದಲ ನಿಲುಗಡೆ ಥಿಂಗ್‌ವೆಲಿರ್. ಕ್ರಿ.ಶ. 930ರಲ್ಲಿ ಐಸ್‌ಲ್ಯಾಂಡಿನ ಜನ ಇಲ್ಲಿಯ ಬಯಲಿನಲ್ಲಿ ಆಲ್‌ಥಿಂಗ್ ಎಂಬ ಮಹಾಸಭೆಯನ್ನು ಕಟ್ಟಿಕೊಂಡರು. ಕಾನೂನು ಇನ್ನೂ ಬರಹಕ್ಕೆ ಇಳಿಯದ ಕಾಲವಾದ್ದರಿಂದ ‘ಕಾನೂನು ಹೇಳುವವ’ ಎಂಬ ಅಧಿಕಾರಿಯೊಬ್ಬನಿದ್ದ. ಪ್ರತಿ ಬೇಸಿಗೆಯ ಸಭೆಯಲ್ಲಿ ಅವನು ಬಂಡೆಯ ಮೇಲೆ ನಿಂತು ಮೂರನೇ ಒಂದು ಪಾಲು ಕಾನೂನನ್ನು ಬಾಯಿಪಾಠವಾಗಿ ಒಪ್ಪಿಸಬೇಕಿತ್ತು. ಹೀಗೆ ಮೂರು ವರ್ಷಕ್ಕೆ ಒಂದು ಸುತ್ತು ಮುಗಿಯುತ್ತಿತ್ತು. ಗಾಳಿಗೆ ಮೈಯೊಡ್ಡಿ, ಚಳಿಗೆ ಕುಗ್ಗಿದ ಜನರೆದುರು, ಚೀಟಿ ನೋಡದೆ ಗಂಟೆಗಟ್ಟಲೆ ಮಾತಾಡುವ ಈ ಪುರುಷನನ್ನು ಜಗತ್ತಿನ ಪ್ರಥಮ ಟೂರ್ ಗೈಡ್ ಎಂದು ಈ ಪ್ರಬಂಧ ನಿಸ್ಸಂಕೋಚವಾಗಿ ಘೋಷಿಸುತ್ತದೆ. ಅವನಿಗೆ ಮೂರು ವರ್ಷ ಹಿಡಿದ ಕೆಲಸವನ್ನು ಇಂದಿನ ಗೈಡು ಪಾರ್ಕಿಂಗಿನಿಂದ ಕಟ್ಟೆಯವರೆಗಿನ ನಡಿಗೆಯಲ್ಲೇ ಮುಗಿಸುತ್ತಾನೆ. ಕ್ರಿ.ಶ. 1000ದ ಸುಮಾರಿಗೆ ದೇಶ ಕ್ರೈಸ್ತಮತಕ್ಕೆ ಹೋಗಬೇಕೋ ಬೇಡವೋ ಎಂಬ ತೀರ್ಮಾನ ಥೋರ್ಗೈರ್ ಎಂಬ ಕಾನೂನು ಹೇಳುವವನ ತಲೆಗೆ ಬಂತು. ಅವನು ಹಗಲೂ ರಾತ್ರಿ ಕಂಬಳಿ ಹೊದ್ದು ಮಲಗಿ ಯೋಚಿಸಿದನಂತೆ. ಈಗ ಆ ಕಂಬಳಿಯ ಪಾಲಿಗೆ ಸಿಗುವುದು ಒಂದೂವರೆ ವಾಕ್ಯ.

ಆಮೇಲೆ ಭೂಗರ್ಭ. ಇಲ್ಲಿ ಅಮೆರಿಕದ ಫಲಕವೂ ಯುರೇಷಿಯಾದ ಫಲಕವೂ ವರ್ಷಕ್ಕೆ ಸುಮಾರು 2 ಸೆಂ.ಮೀ.ನಂತೆ ದೂರ ಸರಿಯುತ್ತಿವೆ. ಆಲ್ಮನ್ನಗ್ಯಾ ಎಂಬ ಕಂದರದ ಕಪ್ಪು ಬಂಡೆಗೋಡೆಗಳ ನಡುವೆ ಪ್ರವಾಸಿಗ ಕಾಲಗಲಿಸಿ ನಿಂತು, ಎಡಗಾಲು ಅಮೆರಿಕ, ಬಲಗಾಲು ಯುರೋಪ್ ಎಂದು ಫೋಟೊ ತೆಗೆಸಿಕೊಳ್ಳುತ್ತಾನೆ. ವಾಸ್ತವದಲ್ಲಿ ಎರಡು ಫಲಕಗಳ ಅಂಚುಗಳ ನಡುವೆ ಹಲವು ಕಿಲೋಮೀಟರ್ ಅಗಲದ ಕುಸಿದ ಕಣಿವೆಯಿದೆ. ಅಷ್ಟು ಅಗಲಕ್ಕೆ ಕಾಲು ಹಾಕಲು ವಾಮನನೇ ಬರಬೇಕು. ಬಸ್ ಅಲ್ಲಿ ನಿಲ್ಲುವ ಮುಕ್ಕಾಲು ಗಂಟೆಯಲ್ಲಿ ಖಂಡಗಳು ಒಂದು ಮಿಲಿಮೀಟರಿನ ಸುಮಾರು ಆರುನೂರರಲ್ಲೊಂದು ಪಾಲು ದೂರವಾಗುತ್ತವೆ ಎಂಬುದನ್ನು ಪ್ರಬಂಧಕಾರರು ಸ್ವತಃ ಲೆಕ್ಕ ಹಾಕಿದ್ದಾರೆ. ಟಿಕೆಟ್ ದರವನ್ನು ಇದರಿಂದ ಭಾಗಿಸಿ ನೋಡುವುದು ಆರೋಗ್ಯಕ್ಕೆ ಒಳ್ಳೆಯದಲ್ಲ.

ಎರಡನೆಯ ನಿಲುಗಡೆಯಲ್ಲಿ ಮೂಲಸೂತ್ರ ಪೂರ್ಣ ತೇಜಸ್ಸಿನಿಂದ ಬೆಳಗುತ್ತದೆ. ಲೋಕದ ಬಿಸಿನೀರ ಚಿಲುಮೆಗಳಿಗೆಲ್ಲ ತನ್ನ ಹೆಸರನ್ನೇ ದಾನ ಕೊಟ್ಟ ಮಹಾ ಗೇಸಿರ್ ಇರುವುದು ಇಲ್ಲಿ. ಆದರೆ ಅದು ಚಿಮ್ಮುವುದು ತೀರ ಅಪರೂಪ. ಗೇಟಿನ ಮೇಲೆ ಹೆಸರಿನ ಫಲಕ ಉಳಿಸಿಕೊಂಡ ನಿವೃತ್ತ ಹೆಡ್‌ಮಾಸ್ತರರ ಹಾಗೆ ಆವಿಯಾಡುತ್ತ ಕೂತಿದೆ. ನೂರು ಹೆಜ್ಜೆ ಆಚೆ ಸ್ಟ್ರೊಕುರ್ ಎಂಬ ಕಿರಿಯ ಚಿಲುಮೆ ಐದು ಹತ್ತು ನಿಮಿಷಕ್ಕೊಮ್ಮೆ ತಪ್ಪದೆ 15ರಿಂದ 20 ಮೀಟರ್ ಎತ್ತರಕ್ಕೆ ಹಾರುತ್ತದೆ. ಜನವೆಲ್ಲ ಅದರ ಸುತ್ತ. ಹಿರಿಯನ ಬಳಿ ಒಂದಿಬ್ಬರು, ಅವರೂ ಶೌಚಾಲಯದ ದಾರಿ ಕೇಳಲು ಬಂದವರು.

ಈ ಸಮಯಪಾಲನೆ ನಿಸರ್ಗದತ್ತವೆಂದು ಭ್ರಮಿಸಬಾರದು. ಸ್ಟ್ರೊಕುರ್‌ಗೆ ಪ್ರಾಣ ಬಂದದ್ದು 1789ರ ಭೂಕಂಪದಿಂದ. 1896ರ ಇನ್ನೊಂದು ಭೂಕಂಪಕ್ಕೆ ಕೊಳವೆ ಕಟ್ಟಿಕೊಂಡು ಅದು ಸುಮ್ಮನಾಯಿತು. 1963ರಲ್ಲಿ ಸ್ಥಳೀಯರು ಕಟ್ಟಿದ್ದನ್ನು ಬಿಡಿಸಿ ಕೊಳವೆ ಶುಚಿ ಮಾಡಿದ ಮೇಲೆಯೇ ಈಗಿನ ನಿಯತ್ತಿನ ದುಡಿಮೆ. ಹಿರಿಯ ಗೇಸಿರ್‌ನ ಕತೆ ಇನ್ನೂ ರೋಚಕ. ಹಿಂದೆ ಅದರ ಬಾಯಿಗೆ ಸಾಬೂನು ಸುರಿದು ಚಿಮ್ಮಿಸುವ ಪದ್ಧತಿಯಿತ್ತು. ಸಾಬೂನಿನಿಂದ ನೀರಿನ ಮೇಲ್ಮೈ ಸೆಳೆತ ತಗ್ಗಿ ಕುದಿತ ಒಮ್ಮೆಲೇ ಉಕ್ಕುತ್ತದೆಂಬುದು ವಿಜ್ಞಾನ. ಬಂದ ಗಣ್ಯರು ವಾಚು ನೋಡುತ್ತಿದ್ದಾರೆಂಬುದು ಆಡಳಿತ. ಪರಿಸರದ ಚಿಂತೆ ಹುಟ್ಟಿದ ಮೇಲೆ ಆ ಪದ್ಧತಿ ನಿಂತಿತು. 2000ದ ಭೂಕಂಪದ ಬಳಿಕ ಹಿರಿಯ ಕೆಲಕಾಲ ತಾನಾಗಿಯೇ ಎದ್ದು ಕೂತ. ಯಾವ ಕಂಪನಿಯ ವೇಳಾಪಟ್ಟಿಯಲ್ಲೂ ಆ ಕಾರ್ಯಕ್ರಮ ನಮೂದಾಗಿರಲಿಲ್ಲ.

ಸ್ಟ್ರೊಕುರ್ ಚಿಮ್ಮುವ ಬಗೆಯನ್ನು ಹತ್ತಿರದಿಂದ ನೋಡಬೇಕು. ಹಗ್ಗದಾಚೆ ಕೊಳದ ನೀರು ಉಸಿರಾಡುವಂತೆ ಏರುತ್ತದೆ, ಇಳಿಯುತ್ತದೆ. ಜನ ಫೋನು ಎತ್ತುತ್ತಾರೆ. ಮತ್ತೆ ಏರುತ್ತದೆ, ಇಳಿಯುತ್ತದೆ. ಕೈ ಸೋತು ಫೋನು ಕೆಳಗಿಳಿಸಿದ ಕ್ಷಣದಲ್ಲೇ ನೀರು ತಿಳಿನೀಲಿ ಗುಮ್ಮಟವಾಗಿ ಉಬ್ಬಿ, ನಡುವೆ ಒಂದು ಬಿಳಿ ಗುಳ್ಳೆ ಮೂಡಿ, ಒಡೆದು ಆಕಾಶಕ್ಕೆ ಹೋಗುತ್ತದೆ. ಗಾಳಿ ಬೀಸುವ ಕಡೆ ನಿಂತವರಿಗೆ ಗಂಧಕದ ಅಭ್ಯಂಜನ. ಪಕ್ಕದ ಫಲಕ ಎರಡೇ ಸಂಗತಿ ತಿಳಿಸುತ್ತದೆ: ನೀರು 80ರಿಂದ 100 ಡಿಗ್ರಿ ಬಿಸಿ, ಹತ್ತಿರದ ಆಸ್ಪತ್ರೆ 62 ಕಿ.ಮೀ. ದೂರ. ಸಂಕ್ಷಿಪ್ತ ಗದ್ಯಕ್ಕೆ ಪ್ರಬಂಧಕಾರರಿಗೆ ತಿಳಿದಂತೆ ಇದಕ್ಕಿಂತ ಉತ್ತಮ ಮಾದರಿಯಿಲ್ಲ.

ಬೇಲಿ ಮತ್ತು ಟಿಕೆಟ್ ಕುರಿತ ಉಪಪ್ರಕರಣವೂ ಇಲ್ಲಿಯದೇ. 1894ರಲ್ಲಿ ಗೇಸಿರ್ ಪ್ರದೇಶವನ್ನು ಒಬ್ಬ ರೈತ ಜೇಮ್ಸ್ ಕ್ರೇಗ್‌ಗೆ ಮಾರಿದ. ಮುಂದೆ ಉತ್ತರ ಐರ್ಲೆಂಡಿನ ಪ್ರಧಾನಿಯಾದವನು ಈತನೇ. ಬೇಲಿ ಹಾಕಿ ಕಾಸು ವಸೂಲಿ ಶುರು ಮಾಡಿದ. ವರ್ಷದೊಳಗೆ ಬೇಸರ ಬಂದು ಗೆಳೆಯನಿಗೆ ಉಡುಗೊರೆ ಕೊಟ್ಟ. ಚಿಲುಮೆಯನ್ನು ಉಡುಗೊರೆ ಪಡೆದ ಗೆಳೆಯ ಅದನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದು ಯೋಚಿಸಿರಬಹುದು. ಕೊನೆಗೆ 1935ರಲ್ಲಿ ಐಸ್‌ಲ್ಯಾಂಡಿನವನೇ ಆದ ಸಿಗುರ್ದುರ್ ಯೋನಾಸ್ಸೊನ್ ಅದನ್ನು ಕೊಂಡು ದೇಶಕ್ಕೆ ಒಪ್ಪಿಸಿದ.

ಮೂರನೆಯ ನಿಲುಗಡೆಯಾದ ಗುಲ್‌ಫಾಸ್ ಎರಡು ಮೆಟ್ಟಿಲಲ್ಲಿ, 11 ಮತ್ತು 21 ಮೀಟರ್ ಲೆಕ್ಕದಲ್ಲಿ ಧುಮುಕುವ ಜಲಪಾತ. ಹಿಮನದಿಯಿಂದ ಹುಟ್ಟಿದ ಹ್ವೀಟಾ ಹೊಳೆ ಬೂದುಬಣ್ಣದಲ್ಲಿ ಬಂದು ಥಟ್ಟನೆ ಓರೆಯಾದ ಕಮರಿಗೆ ಬಿದ್ದು ಕಣ್ಮರೆಯಾಗುತ್ತದೆ. ಬೆಂಗಳೂರಿನಿಂದ ಹೋದ ಸಂಸಾರಗಳಲ್ಲಿ ಯಾರಾದರೂ ಒಬ್ಬರು ‘ನಮ್ಮ ಜೋಗ 253 ಮೀಟರ್ ಕಣ್ರೀ’ ಎನ್ನುವುದು ವಿಧಿವಿಹಿತ. ಅದಕ್ಕೆ ಇನ್ನೊಬ್ಬರು ‘ನೀರು ಬಿಟ್ರೆ ತಾನೆ?’ ಎನ್ನುವುದೂ ಅಷ್ಟೇ ವಿಧಿವಿಹಿತ. ಶರಾವತಿಗೆ ಲಿಂಗನಮಕ್ಕಿಯಲ್ಲಿ ಅಣೆಕಟ್ಟಾಯಿತು. ಹ್ವೀಟಾದ ಈ ಜಲಪಾತ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಹೂಡಿಕೆದಾರರ ವಿದ್ಯುತ್ ಯೋಜನೆಯಿಂದ ತಪ್ಪಿಸಿಕೊಂಡಿತು. ಪಕ್ಕದ ಬ್ರಾಟ್‌ಹೋಲ್ಟ್ ತೋಟದ ಸಿಗ್ರಿದುರ್ ಟೋಮಸ್‌ದೋತ್ತಿರ್ ಎಂಬ ಹೆಣ್ಣುಮಗಳು ರೇಕ್ಯವಿಕ್‌ಗೆ ಮತ್ತೆ ಮತ್ತೆ ನಡೆದು ಹೋಗಿ ಮೊಕದ್ದಮೆ ನಡೆಸಿದಳೆಂದೂ, ಅಣೆ ಕಟ್ಟಿದರೆ ಹಾರಿಬಿಡುವೆನೆಂದು ಬೆದರಿಸಿದಳೆಂದೂ ಹೇಳುತ್ತಾರೆ. ಅವಳಿಗೆ ನೆರವಾದ ವಕೀಲ ಸ್ವೇನ್ ಬ್ಯೋರ್ನ್‌ಸ್ಸೊನ್ 1944ರಲ್ಲಿ ಗಣರಾಜ್ಯದ ಮೊದಲ ಅಧ್ಯಕ್ಷನಾದ. ಯೋಜನೆ ಬಿದ್ದುಹೋಗಲು ದುಡ್ಡಿನ ಅಭಾವವೂ ಒಂದು ಕಾರಣವೆಂಬುದನ್ನು ಗೈಡುಗಳು ಒತ್ತಿ ಹೇಳುವುದಿಲ್ಲ. ಹೇಳದಿರುವುದೇ ಒಳ್ಳೆಯದು. ಇಡೀ ವೃತ್ತದಲ್ಲಿ ವೇಳಾಪಟ್ಟಿಗೆ ಜಗ್ಗದ ಪಾತ್ರ ಅವಳೊಬ್ಬಳೇ.

ಅಪವಾದಗಳನ್ನೂ ಶಾಸ್ತ್ರ ಒಪ್ಪಿಕೊಳ್ಳಬೇಕು. ಡಿಸೆಂಬರಿನಲ್ಲಿ ಅಲ್ಲಿ ಸೂರ್ಯ ಹನ್ನೊಂದು ದಾಟಿದ ಮೇಲೆ ಎದ್ದು ನಾಲ್ಕು ಗಂಟೆ ದುಡಿದು ಮಲಗುತ್ತಾನೆ, ಆದ್ದರಿಂದ ಬಸ್ಸು ಕತ್ತಲಲ್ಲೇ ಹೊರಡುತ್ತದೆ. ಆ ಕತ್ತಲನ್ನು ತುಂಬಲು ಗೈಡು ತಲೆತಲಾಂತರದ ನಗೆಹನಿ ಹೇಳುತ್ತಾನೆ: ‘ಐಸ್‌ಲ್ಯಾಂಡಿನ ಕಾಡಿನಲ್ಲಿ ದಾರಿ ತಪ್ಪಿದರೆ ಎದ್ದು ನಿಂತುಕೊಳ್ಳಿ.’ ಇನ್ನು ಉತ್ತರಧ್ರುವ ಪ್ರಭೆಯಂತೂ ಶುದ್ಧ ಸೋಮಾರಿ. ಅದು ಕಾಣಿಸದಿದ್ದರೆ ಇನ್ನೊಂದು ರಾತ್ರಿ ಪುಕ್ಕಟೆ ಕರೆದೊಯ್ಯುತ್ತೇವೆಂದು ಹಲವು ಕಂಪನಿಗಳು ಬರೆದೇ ಕೊಡುತ್ತವೆ.

ಪೂರ್ವಪಕ್ಷ: ಬಾಡಿಗೆ ಕಾರು ಹಿಡಿದು ತಮಗೆ ಬೇಕಾದಷ್ಟು ಹೊತ್ತು ನಿಂತರಾಗದೇ? ಸಿದ್ಧಾಂತ: ಅಲ್ಲಿಯ ಗಾಳಿ ತೆರೆದ ಕಾರಿನ ಬಾಗಿಲನ್ನು ಕೀಲುಸಮೇತ ಕಿತ್ತೊಗೆಯಬಲ್ಲದು, ಮಾಮೂಲಿ ವಿಮೆ ಅದಕ್ಕೆ ಹೊಣೆಯಲ್ಲ. ಅದೂ ಅಲ್ಲದೆ ಕಾರಿನಲ್ಲಿ ಬಂದವರು ಕಡೆಗೆ ಸ್ಟ್ರೊಕುರ್ ಬಳಿ ಯಾವುದೋ ಗುಂಪಿನ ಬೆನ್ನಿಗೆ ನಿಂತು ಬಿಟ್ಟಿ ವ್ಯಾಖ್ಯಾನ ಕೇಳುತ್ತಿರುತ್ತಾರೆ. ಅವರು ಸೇರಿಕೊಂಡಾಗ ಗೈಡಿನ ತಲೆ ಎಣಿಕೆ ಹೆಚ್ಚು ಬರುತ್ತದೆ, ಬಸ್ಸಿನಲ್ಲಿ ಎಣಿಸಿದರೆ ಇಬ್ಬರು ಕಡಿಮೆ. ಆ ಇಬ್ಬರು ಅಂಗಡಿಯಲ್ಲಿ ಉಣ್ಣೆ ಸ್ವೆಟರಿನ ಬೆಲೆಚೀಟಿ ಹಿಡಿದು, ಕ್ರೋನಾವನ್ನು ರೂಪಾಯಿಗೆ ಇಳಿಸುತ್ತಿದ್ದಾರೆ.