ಖಾಲಿ ಕಪ್ಪು

(ನರೋಣಾ. ರವಿವಾರ. ಶರಣಪ್ಪನ ಹಳೇ ಕ್ರಿಕೆಟ್ ಟೀಮು ಬಹಳ ವರ್ಷದ ಮೇಲೆ ಸೇರಿದೆ, ಕಟ್ಟೆಯ ಮೇಲೆ.)

ಶಾಂತಮ್ಮ: ಏನ್ರೀ, ಮುಂಜಾನಿಂದ ಕುಂತೀರಿ. ಆಟ ಯಾವಾಗ ಚಾಲೂ?

ಶರಣಪ್ಪ: ನಡದದಲ್ಲ! 1996ರ ಮಾರ್ಚ್ 9, ವರ್ಲ್ಡ್ ಕಪ್ಪಿನ ಬೆಂಗಳೂರು ಕ್ವಾರ್ಟರ್‌ಫೈನಲ್. ಪಾಕಿಸ್ತಾನದ ಆಮಿರ್ ಸೊಹೈಲ್ ಫೋರ್ ಹೊಡದು ಬ್ಯಾಟ್ ತೋರಿಸ್ದ. ಮುಂದಿನ ಬಾಲಿಗೇ ನಮ್ಮ ವೆಂಕಟೇಶ್ ಪ್ರಸಾದ್ ಬೋಲ್ಡ್ ಮಾಡ್ದ!

ಶಾಂತಮ್ಮ: ಔಟಾದವ ಅವತ್ತೇ ಹೋದ. ನೀವು ಇನ್ನಾ ಕ್ರೀಸ್ ಬಿಟ್ಟಿಲ್ಲಲ್ರಿ.

ಶರಣಪ್ಪ: 39 ರನ್ನಿಂದ ಗೆದ್ದೀವಿ!

ಶಾಂತಮ್ಮ: ಹಂಗಾದ್ರ ಕಪ್ ನಮ್ದೇ?

ಶರಣಪ್ಪ: ಮುಂದ ಕೊಲ್ಕತ್ತಾದಾಗ ಶ್ರೀಲಂಕಾದವ್ರು... ಅದು ಬಿಡು. ಚಹಾ ತಾ.

ಶಾಂತಮ್ಮ: ತರ್ತೀನಿ. ಗೆದ್ದ ಕಪ್ ಯಾರ್ ತೊಳೀತಾರೋ, ನೀವು ಕುಡದದ್ದಂತೂ ನಾನೇ ತೊಳೀತೀನಿ.

ಶರಣಪ್ಪ: ಅಯ್ಯ, ಬಾಲ್ ಎಲ್ಲದ?

ಶಾಂತಮ್ಮ: ನಾಯಿ ಮೋತ್ಯಾ ಒಯ್ದದ. ರೊಟ್ಟಿ ಬುಟ್ಟಿ ಕೆಡವಿ, ನಿಮ್ಮ ಹೊಸಾ ಬೂಟ್ ಕಡದು, ತೊಗರಿ ಹೊಲಕ್ಕ ಓಡ್ತು.

ಶರಣಪ್ಪ: ಯಾರೂ ಹಿಡೀಲಿಲ್ಲೇನು?

ಶಾಂತಮ್ಮ: ನಿಮ್ಮ ವಿಕೆಟ್‌ಕೀಪರ್ ಎದ್ದಿದ್ರು. ಮೊಣಕಾಲು ಅಪೀಲ್ ಮಾಡ್ತು, ಕುಂತ್ರು.

ಶರಣಪ್ಪ: ಆ ನಾಯಿಗಿ ಬುದ್ಧಿನೇ ಇಲ್ಲ!

ಶಾಂತಮ್ಮ: ಹೌದ್ರಿ, ಪಾಪ. ಆಟ ಅಂದ್ರ ಓಡೋದು ಅಂತ ತಿಳದದ.